ಏಳು ದೇಶ ಗೆದ್ದ ಜಟ್ಟಪ್ಪ

ಮಂಜಯ್ಯನವರು ತುಂಬ ಒಳ್ಳೆಯ ಮನುಷ್ಯ. ಆದ ಅನಾಹುತಕ್ಕೆಲ್ಲ ಅದೇ ಕಾರಣ.

ರಿಪ್ಪನ್‌ಪೇಟೆಯಲ್ಲಿ ಅವರು ಮೂವತ್ತು ವರ್ಷ ಟಪಾಲು ಹಂಚಿದವರು. ಓದು ಬಾರದವರ ಮನೆಗೆ ಕಾಗದ ಬಂದರೆ ಜಗಲಿಯ ಮೇಲೆ ಕೂತು, ಕನ್ನಡಕ ಒರೆಸಿಕೊಂಡು, ತಾವೇ ಓದಿ ಹೇಳಿ ಬರುವುದು ಅವರ ಪದ್ಧತಿ. ಪಿಂಚಣಿಯಾದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಕುಸ್ತಿಯಾಡಲು ಹಡಗು ಹತ್ತಿ ಹೋದ ಜಟ್ಟಪ್ಪನ ಕಾಗದಗಳನ್ನು ಅವನ ಹೆಂಡತಿ ಹುಲಿಯಮ್ಮನಿಗೆ ಹನ್ನೊಂದು ವರ್ಷ ಓದಿ ಹೇಳಿದವರು ಅವರೇ. ಜಟ್ಟಪ್ಪ ಬರೆಯುತ್ತಿದ್ದದ್ದು ಎರಡೇ ಸಾಲು: 'ಪೆನಾಂಗಿನಲ್ಲಿ ಕುಸ್ತಿ ಆಯಿತು. ನಾನು ಕ್ಷೇಮ.' ಇಷ್ಟನ್ನೇ ಕೇಳಿ ಹುಲಿಯಮ್ಮನ ಮುಖ ಸಪ್ಪಗಾಗುವುದನ್ನು ನೋಡಿ ನೋಡಿ ಮಂಜಯ್ಯನವರಿಗೆ ಒಂದು ದಿನ ಕರುಳು ಕಿವುಚಿದಂತಾಯಿತು. ಕಾಗದದಲ್ಲಿ ಇಲ್ಲದ ಒಂದು ಮಾತು ಸೇರಿಸಿ ಓದಿದರು: 'ಗೆದ್ದೆ.' ಅವಳ ಮುಖ ಅರಳಿತು. ಅಲ್ಲಿಂದ ಮುಂದೆ ಜಟ್ಟಪ್ಪ ಒಂದೂ ಕುಸ್ತಿ ಸೋಲಲಿಲ್ಲ.

ಸೋಲುವುದೇ ಜಟ್ಟಪ್ಪನ ಕಸುಬಾಗಿತ್ತು ಎಂಬುದು ಮಂಜಯ್ಯನವರಿಗೆ ಗೊತ್ತಾಗುವುದಾದರೂ ಹೇಗೆ?

ಅವನು ಆಡುತ್ತಿದ್ದದ್ದು ನಮ್ಮ ಗರಡಿಯ ಮಣ್ಣಿನ ಕುಸ್ತಿಯಲ್ಲ. ದೀಪ ಹಾಕಿ, ಟಿಕೀಟು ಇಟ್ಟು, ಹಗ್ಗ ಕಟ್ಟಿದ ಅಟ್ಟಣಿಗೆಯ ಮೇಲೆ ಆಡಿಸುವ ಫ್ರೀಸ್ಟೈಲ್ ಕುಸ್ತಿ. ಅಲ್ಲಿ ಯಾರು ಗೆಲ್ಲಬೇಕು, ಎಷ್ಟನೇ ಸುತ್ತಿನಲ್ಲಿ ಗೆಲ್ಲಬೇಕು ಎನ್ನುವುದನ್ನು ಆಟ ನಡೆಸುವ ಕಂಟ್ರಾಕ್ಟರು ಬೆಳಿಗ್ಗೆ ಚಾ ಕುಡಿಯುವಾಗಲೇ ಹೇಳಿಬಿಡುತ್ತಾನೆ. ಬೊಂಬಾಯಿಗೆ ಹೋದ ಮೊದಲ ವಾರ ಕಂಟ್ರಾಕ್ಟರು ಜಟ್ಟಪ್ಪನನ್ನು ಕರೆದು ಒಂದು ಸಲ ಬಿದ್ದು ತೋರಿಸು ಎಂದ. ಜಟ್ಟಪ್ಪ ಬಿದ್ದ. ಎಷ್ಟು ಚೆನ್ನಾಗಿ ಬಿದ್ದನೆಂದರೆ ಆಮೇಲೆ ಅವನಿಗೆ ಬೇರೆ ಕೆಲಸವನ್ನೇ ಯಾರೂ ಕೊಡಲಿಲ್ಲ. ಸಿಲೋನಿನಲ್ಲಿ ಅವನು ಕಾಬೂಲಿನ ಖಾನನಾಗಿ ಸೋತ. ಬರ್ಮಾದಲ್ಲಿ ಟರ್ಕಿಯ ಪಾಷಾ ಆಗಿ ಸೋತ. ಮಲಾಯ, ಸಿಂಗಾಪುರ, ಸಯಾಮುಗಳಲ್ಲಿ ಮೈಸೂರಿನ ಹುಲಿ ಎಂಬ ಹೆಸರು ಹೊತ್ತು, ಮೈಗೆ ಪಟ್ಟೆ ಬಳಿದುಕೊಂಡು ಸೋತ. ಮನಿಲಾದಲ್ಲಿ ಅರಬ್ಬೀ ಶೇಕನಾಗಿ ಸೋತ. ಜಪಾನಿನಲ್ಲಂತೂ ಹಿಮಾಲಯದ ರಾಕ್ಷಸನೆಂದು ಗಡ್ಡ ಅಂಟಿಸಿದರು. ಬೀಳುವಾಗ ಗಡ್ಡ ಕಳಚಿ ಎದುರಾಳಿಯ ಕೈಗೆ ಬಂದು ಜನ ನಕ್ಕರು, ಅಂದೂ ಸೋತ. ಹೀಗೆ ಏಳು ದೇಶ, ಐದು ಹೆಸರು, ಸಾವಿರಕ್ಕೂ ಮೀರಿದ ಸೋಲು. ಸ್ವಂತ ಹೆಸರಿನಲ್ಲಿ ಸೋಲುವ ಯೋಗವೂ ಅವನಿಗೆ ಇರಲಿಲ್ಲ.

ಅರವತ್ತಮೂರನೇ ಇಸವಿಯ ಚಳಿಗಾಲದಲ್ಲಿ ಅವನು ಊರಿಗೆ ಬಂದಿಳಿದಾಗ ಬಸ್‌ಸ್ಟ್ಯಾಂಡಿನಲ್ಲಿ ವಾಲಗ ಊದುತ್ತಿತ್ತು. ಯಾರದೋ ಮದುವೆ ದಿಬ್ಬಣವಿರಬೇಕು ಎಂದುಕೊಂಡು ಅವನು ಟ್ರಂಕು ಹಿಡಿದು ಪಕ್ಕಕ್ಕೆ ಸರಿದು ನಿಂತ. ವಾಲಗದವರು ಅವನ ಕಡೆಗೇ ತಿರುಗಿದರು. ಅವನ ಕೊರಳಿಗೆ ಹಾರ ಬಿತ್ತು. "ಏಳು ದೇಶ ಗೆದ್ದ ಜಟ್ಟಪ್ಪನವರಿಗೆ" ಎಂದು ಯಾರೋ ಕೂಗಿದರು, ಉಳಿದವರು ಜೈ ಅಂದರು. ಜನರ ಹಿಂದೆ, ಎಂಟು ಗಜದ ಹೊಸ ಸೀರೆಯುಟ್ಟ ಹುಲಿಯಮ್ಮ ತಲೆಯೆತ್ತಿ ನಿಂತಿದ್ದಳು. ಗಂಡ ಬಿಟ್ಟುಹೋದವಳು ಎಂದು ಕೇರಿಯವರು ಆಡಿಕೊಂಡಾಗಲೆಲ್ಲ, ನನ್ನ ಗಂಡ ಒಂದು ಕುಸ್ತಿಯನ್ನೂ ಸೋತವರಲ್ಲ ಎಂಬ ಒಂದೇ ಮಾತನ್ನು ಹಿಡಿದು ಬದುಕಿದ್ದವಳು ಅವಳು. ಅವಳ ಕಣ್ಣು ನೋಡಿದ ಮೇಲೆ ನಿಜ ಹೇಳುವುದು ಜಟ್ಟಪ್ಪನ ಕೈಯಲ್ಲಿ ಆಗಲಿಲ್ಲ. ಅವಳ ಸೆರಗಿನ ಹಿಂದೆ ಹನ್ನೆರಡು ವರ್ಷದ ಮಗಳು ಸರೋಜ ಇದ್ದಳು. ಅಪ್ಪ ಊರು ಬಿಟ್ಟಾಗ ತೊಟ್ಟಿಲಲ್ಲಿದ್ದ ಕೂಸು.

ಅವನಿಗೆ ಇನ್ನು ಹೋಗಲು ಮನಸ್ಸಿರಲಿಲ್ಲ. ಮನಸ್ಸಿಗಿಂತ ಮುಖ್ಯವಾಗಿ ಕುತ್ತಿಗೆ ಇರಲಿಲ್ಲ. ಇನ್ನು ನಾಲ್ಕು ಸಲ ತಲೆಕೆಳಗಾಗಿ ಬಿದ್ದರೆ ಐದನೇ ಸಲ ಏಳುವುದಿಲ್ಲ ಎಂದು ಮಲಾಯದ ಪೆನಾಂಗಿನ ಡಾಕ್ಟರು ಹೇಳಿದ್ದರು. ಇತ್ತ ಬೊಂಬಾಯಿಯ ಕಂಟ್ರಾಕ್ಟರಿಂದ ತಿಂಗಳ ಕೊನೆಯ ಹಡಗಿಗೆ ಬಾ ಎಂದು ಕಾಗದವೂ ಬಂದಿತ್ತು. ಊರಲ್ಲೇ ಒಂದು ಕೆಲಸ ಸಿಕ್ಕಿದ್ದರೆ ಅವನು ಆ ಕಾಗದವನ್ನು ಒಲೆಗೆ ಹಾಕಿ ಬಚ್ಚಲಿಗೆ ನೀರು ಕಾಯಿಸುತ್ತಿದ್ದ.

ಕೆಲಸವೂ ಇತ್ತು. ಊರಿನ ಹೈಸ್ಕೂಲಿಗೆ ಒಬ್ಬ ಡ್ರಿಲ್ ಮೇಷ್ಟ್ರು ಬೇಕಾಗಿತ್ತು. ಕೊಡುವುದು ಕಮಿಟಿಯ ಅಧ್ಯಕ್ಷರಾದ ನಾಗರಾಜಪ್ಪ ಸಾಹುಕಾರರ ಕೈಯಲ್ಲಿತ್ತು. ಆದರೆ ನಮ್ಮ ಕಡೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ. ಕೊಡಬೇಕೆಂದಿರುವವನು ಬಾಯಿಬಿಟ್ಟು ಹೇಳುವುದೂ ಮರ್ಯಾದೆಯಲ್ಲ. ನಡುವೆ ಒಬ್ಬರು ಓಡಾಡಬೇಕು. ಓಡಾಡಿದವರು ಮಂಜಯ್ಯನವರು.

"ಸಾವ್ಕಾರ್ರ ಹತ್ರ ನಿನ್ನ ವಿಷಯ ತೆಗೆದೆ ಕಣಯ್ಯ," ಎಂದರು ಬಂದು. "ಅಷ್ಟು ದೊಡ್ಡ ಮನುಷ್ಯರಿಗೆ ಈ ಕೆಲಸ ಹ್ಯಾಗೆ ಹೇಳೋದು, ಮೊದ್ಲು ಒಂದು ಕುಸ್ತಿ ಇಡಾನ, ಆಮೇಲೆ ನೋಡಾನ ಅಂದ್ರು. ಹುಂಚದ ಶೇಷಪ್ಪನ ಜೊತೆ. ಬರೋ ಭಾನುವಾರ."

ಇದು ಪರೀಕ್ಷೆ ಎಂದು ಜಟ್ಟಪ್ಪ ತಿಳಿದ. ಶೇಷಪ್ಪ ಹತ್ತಿರದ ಹುಂಚದಿಂದ ಬಂದು ನಮ್ಮೂರ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಇಪ್ಪತ್ತನಾಲ್ಕರ ತರುಣ; ಸಾಗರದಿಂದ ತೀರ್ಥಹಳ್ಳಿಯವರೆಗೆ ಅವನ ಬೆನ್ನಿಗೆ ಮಣ್ಣು ಮೆತ್ತಿದವರಿಲ್ಲ. ಇವನಿಗೋ ನಲವತ್ತೊಂದು. ಅದೂ ಹೋಗಲಿ, ಗೆಲ್ಲುವುದು ಹೇಗೆಂಬುದೇ ಮರೆತುಹೋಗಿತ್ತು. ಎದೆಯ ಮೇಲೆ ಯಾರಾದರೂ ಕೈಯಿಟ್ಟು ಸುತ್ತಲಿನ ಜನ ಹೋ ಎಂದರೆ ಸಾಕು, ಅವನ ಭುಜ ತಾನಾಗಿ ನೆಲ ಹುಡುಕುತ್ತಿತ್ತು. ರಿಪ್ಪನ್‌ಪೇಟೆಯ ಮಣ್ಣಿನಲ್ಲಿ ಮೂಟೆ ಹೊರುವ ಹುಡುಗನಿಗೆ ಸೋತರೆ ಕೆಲಸವೂ ಹೋಯಿತು, ಹುಲಿಯಮ್ಮನ ಮಾನವೂ ಹೋಯಿತು.

ಭಾನುವಾರ ಬೆಳಿಗ್ಗೆ ಊರು ಇನ್ನೂ ಗಂಜಿ ಕುಡಿಯುತ್ತಿರುವಾಗ ಅವನು ಗಿರಣಿಯ ಹಿಂಬದಿಗೆ ಹೋದ. ಶೇಷಪ್ಪ ಉಮಿಯ ರಾಶಿಯ ಪಕ್ಕದಲ್ಲಿ ಸಾಮು ಮಾಡುತ್ತಿದ್ದ. ಜಟ್ಟಪ್ಪನನ್ನು ಕಂಡವನೇ ಬಂದು ಕಾಲು ಮುಟ್ಟಿದ. ಮುಟ್ಟಿದ ಆ ಕೈ ನೋಡಿಯೇ ಜಟ್ಟಪ್ಪನ ಧೈರ್ಯ ಅರ್ಧ ಕರಗಿತು. ಒಂದು ಕೈಯಲ್ಲಿ ಎರಡು ಸೇರು ಅಕ್ಕಿ ಹಿಡಿಸುವಂತಿತ್ತು.

"ತಮ್ಮಾ, ಒಂದು ಮಾತು ಕೇಳ್ಬೇಕು," ಎಂದ ಜಟ್ಟಪ್ಪ. ಆಮೇಲೆ, ಏಳು ದೇಶದಲ್ಲಿ ಯಾರಿಗೂ ಹೇಳದ್ದನ್ನು ಆ ಹುಡುಗನಿಗೆ ಹೇಳಿದ. ಖಾನ್, ಪಾಷಾ, ಗಡ್ಡ, ಎಲ್ಲ ಹೇಳಿದ. ಕುತ್ತಿಗೆಯ ವಿಷಯ ಹೇಳಿದ. ತಾನು ಕರೆದರೆ ಮಗಳು ತಾಯಿಗೆ 'ಅಮ್ಮಾ, ಅವರು ಕರೀತಿದಾರೆ' ಎನ್ನುವುದು ಬಿಟ್ಟು ಬೇರೆ ಮಾತಾಡುವುದಿಲ್ಲ, ತನ್ನನ್ನು ನೆಂಟನೆಂದು ತಿಳಿದಿದ್ದಾಳೆ ಎಂದು ಹೇಳಿ, ಇವತ್ತು ನೀನು ನನಗೆ ಸೋಲಬೇಕು ಎಂದ.

ಶೇಷಪ್ಪ ಮುಖ ಆಚೆ ತಿರುಗಿಸಿದ. ಅವನ ಕಣ್ಣಲ್ಲಿ ನೀರಿತ್ತು. ಉಮಿಯ ಧೂಳು ಎಂದು ಒರೆಸಿಕೊಂಡ.

"ನೀವು ಹೇಳಿದ್ ಮೇಲೆ ಮುಗೀತು ಗುರುಗಳೆ. ನಂಗೇನೂ ಬೇಜಾರಿಲ್ಲ," ಎಂದ. "ಆದ್ರೆ ಸೋಲೋದು ಹ್ಯಾಂಗೆ?"

"ಹ್ಯಾಂಗೆ ಅಂದ್ರೆ ಎಂಥದು?"

"ಇಲ್ಲೀವರೆಗೆ ಸೋತಿಲ್ಲಲ್ಲ. ಸುಮ್ನೆ ಹೋಗಿ ಮಲ್ಕಂಡ್ರೆ ಹುಂಚದವ್ರು ನನ್ನ ಕಾಲು ಮುರೀತಾರೆ. ಒಂದು ಬಸ್ ತುಂಬ ಬರ್ತಿದಾರೆ ಅವ್ರು."

ಇದು ನ್ಯಾಯವಾದ ಮಾತು. ಜಟ್ಟಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಉಮಿಯ ರಾಶಿಯನ್ನು ಕಾಲಿನಿಂದ ಹರಡಿ ಸಮ ಮಾಡಿದ. ಆಮೇಲೆ ಪಾಠ ಶುರುವಾಯಿತು.

"ನೋಡು, ಬೀಳೋನು ಮೊದ್ಲು ಗೆಲ್ಬೇಕು. ಇನ್ನೇನು ಗೆದ್ದೇಬಿಟ್ಟ ಅಂತ ಜನ ಎದ್ದು ನಿಲ್ಬೇಕು. ಆಗ ಬೀಳು. ಕೂತ ಜನರ ಮುಂದೆ ಬಿದ್ರೆ ಅದು ಸೋಲಲ್ಲ, ಜಾರಿದ್ದು."

"ಹೂಂ."

"ಎರಡೂ ಭುಜ ಒಟ್ಟಿಗೆ ಕೊಡ್ಬೇಡ. ಒಂದು ಕೊಡು, ಇನ್ನೊಂದನ್ನ ಉಳಿಸ್ಕೊಳ್ಳೋಕೆ ಒದ್ದಾಡು. ನಿನ್ನ ಅಮ್ಮ ಅಲ್ಲಿ ಕೂತು ನೋಡ್ತಿದಾಳೆ ಅಂತ ನೆನೆಸ್ಕೋ. ಅಂಗೈಯಿಂದ ನೆಲ ಬಡಿ, ಪೆಟ್ಟಾಗಲ್ಲ, ಸದ್ದಾಗ್ತದೆ. ಆಮೇಲೆ ಆಕಾಶ ನೋಡು. ಯಾರನ್ನೂ ಬೈಬೇಡ. ಸುಮ್ನೆ ಆಕಾಶ ನೋಡು."

ಶೇಷಪ್ಪ ಬಿದ್ದ. ಮೂಟೆ ಕೆಡವಿದಂತೆ ಬಿದ್ದ. "ಹಂಗಲ್ಲ ಮಾರಾಯ," ಎಂದ ಜಟ್ಟಪ್ಪ. "ನನ್ನ ಎತ್ತು. ಎತ್ತಿ ಒಗಿ. ನಾನು ಬಿದ್ದು ತೋರಿಸ್ತೀನಿ."

ಶೇಷಪ್ಪ ಎತ್ತಿ ಒಗೆದ, ಉಮಿ ಮೆತ್ತಗಿದ್ದುದರಿಂದ ಕುತ್ತಿಗೆಗೆ ಭಯವಿರಲಿಲ್ಲ. ಜಟ್ಟಪ್ಪ ಬಿದ್ದ. ಮತ್ತೆ ಎತ್ತಿದ, ಮತ್ತೆ ಬಿದ್ದ. ಒಂದೊಂದು ಸಲ ಬಿದ್ದಾಗಲೂ ಎದ್ದು, ಮೈ ಕೊಡವಿ, ಎಲ್ಲಿ ಏನು ಮಾಡಿದೆನೆಂದು ಬಿಡಿಸಿ ಹೇಳಿದ. ಹನ್ನೊಂದು ವರ್ಷದಲ್ಲಿ ಅವನನ್ನು ಇದು ಹೇಗೆ ಎಂದು ಕೇಳಿದವರೇ ಇರಲಿಲ್ಲ. ಕಲಿಸುವುದರಲ್ಲಿ ಇಷ್ಟು ಸುಖವಿದೆಯೆಂದು ಅವನಿಗೆ ಅಂದೇ ಗೊತ್ತಾದದ್ದು. ಡ್ರಿಲ್ ಮೇಷ್ಟ್ರ ಕೆಲಸದ ಮೇಲೆ ಅವನಿಗೆ ಆಗ ನಿಜವಾದ ಆಸೆ ಹುಟ್ಟಿತು.

ಎಮ್ಮೆಗೆ ತೌಡು ಒಯ್ಯಲು ಬುಟ್ಟಿ ಹಿಡಿದು ಬಂದ ಕೆರಿಯಮ್ಮ ಗೋಡೆಯ ಮೂಲೆಯಲ್ಲಿ ನಿಂತು ಇದನ್ನು ನೋಡಿದಳು. ಊರಿನ ಸುದ್ದಿಯನ್ನೆಲ್ಲ ಮನೆಮನೆಗೆ ಮುಟ್ಟಿಸುವುದು ಅವಳ ಹವ್ಯಾಸ. ಏಳು ದೇಶ ಗೆದ್ದವನನ್ನು ಗಿರಣಿಯ ಹುಡುಗ ಹತ್ತಿಯ ಗಂಟಿನಂತೆ ಎತ್ತೆತ್ತಿ ಒಗೆಯುತ್ತಿದ್ದಾನೆ. ಒಂಬತ್ತರವರೆಗೆ ಎಣಿಸಿದಳು. ಆಮೇಲೆ ತೌಡನ್ನೂ ಮರೆತು ನೆಟ್ಟಗೆ ನಾಗರಾಜಪ್ಪನವರ ಮನೆಗೆ ನಡೆದಳು.

ಮಧ್ಯಾಹ್ನ ಸಾಹುಕಾರರ ಮನೆಯಲ್ಲಿ ಜಟ್ಟಪ್ಪನಿಗೆ ಊಟ. ಹನ್ನೊಂದು ವರ್ಷದ ಹಿಂದೆ ಏ ಜಟ್ಟಾ ಎಂದು ಅಂಗಳದಿಂದಲೇ ಮಾತಾಡಿಸಿ ಕಳಿಸುತ್ತಿದ್ದ ನಾಗರಾಜಪ್ಪನವರು ಇಂದು ಚಾವಡಿಗೆ ಕರೆದು ಮಣೆ ಹಾಕಿಸಿದ್ದರು. ಕಮಿಟಿಯ ಇನ್ನೂ ಮೂರು ಜನ ಇದ್ದರು. ನಾಲ್ವರೂ ಅವನನ್ನು ನೋಡುತ್ತಿದ್ದ ರೀತಿ ಬೇರೆಯಾಗಿತ್ತು. ಕಾಯಿಲೆಯವರನ್ನು ನೋಡಲು ಬಂದವರು ಹಾಗೆ ನೋಡುತ್ತಾರೆ.

"ಇನ್ನೊಂದು ಹೋಳಿಗೆ ಹಾಕ್ಕೊಳ್ಳಿ ಜಟ್ಟಪ್ಪನೋರೆ," ಎಂದರು ಸಾಹುಕಾರರು ಮೆತ್ತಗೆ. "ಕುಸ್ತಿ ಅಂದ್ ಮೇಲೆ ಎಲ್ಲ ಇದ್ದಿದ್ದೇ. ಒಂದು ಸಲ ಸೋತ್ರೂ ಏನಂತೆ. ನಾವೆಲ್ಲ ಇಲ್ವಾ."

ಜಟ್ಟಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಟ್ಟ. ಸೋತರೆ ನಾವಿದ್ದೇವೆ ಎಂದರೆ, ಸೋತರೆ ವಿಚಾರಿಸಿಕೊಳ್ಳುತ್ತೇವೆ ಎಂದೇ ಅವನಿಗೆ ಕೇಳಿಸಿತು. ಕಂಟ್ರಾಕ್ಟರು ಮೆತ್ತಗೆ ಮಾತಾಡಿದ ದಿನವೇ ಅವನಿಗೆ ಅತಿ ಹೆಚ್ಚು ಪೆಟ್ಟು ಬೀಳುತ್ತಿದ್ದದ್ದು.

"ಇಲ್ಲ ಸಾವ್ಕಾರ್ರೆ, ನಾನು ಸೋಲೋದಿಲ್ಲ," ಎಂದ.

"ಅಲ್ಲ, ಸೋತ್ರೆ ಅಂದೆ. ವಯಸ್ಸಾಯ್ತು ನೋಡಿ. ಎಲ್ಲಾದ್ರೂ ಒಂದ್ಕಡೆ ನಿಲ್ಲೋದು ಒಳ್ಳೇದು."

"ನಿಲ್ತೀನಿ ಸಾವ್ಕಾರ್ರೆ. ಬೀಳೋದಿಲ್ಲ."

ನಾಗರಾಜಪ್ಪನವರು ನಿಟ್ಟುಸಿರುಬಿಟ್ಟು ಉಳಿದವರ ಮುಖ ನೋಡಿದರು. ಇದಕ್ಕಿಂತ ಬಿಡಿಸಿ ಹೇಳುವುದು ಮರ್ಯಾದೆಯಲ್ಲ. ಇದಕ್ಕಿಂತ ಬಿಡಿಸಿ ಕೇಳುವುದೂ ಮರ್ಯಾದೆಯಲ್ಲ. ಮಜ್ಜಿಗೆ ಬಡಿಸಿದರು.

ನಾಲ್ಕು ಗಂಟೆಗೆ ಹೈಸ್ಕೂಲಿನ ಬಯಲಿನಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಹುಂಚದವರು ಒಂದು ಕಡೆ, ರಿಪ್ಪನ್‌ಪೇಟೆಯವರು ಇನ್ನೊಂದು ಕಡೆ. ಹೊಸನಗರದಿಂದ ಬಂದವರು ಎರಡೂ ಕಡೆ ಜಾಗ ಸಿಗದೆ ಶಾಲೆಯ ಕಟ್ಟೆ ಹತ್ತಿದ್ದರು. ಹೆಂಗಸರ ಸಾಲಿನ ಮುಂದೆ, ಸಾಹುಕಾರರ ಹೆಂಡತಿ ವೇದಾವತಮ್ಮನ ಪಕ್ಕದಲ್ಲಿ ಹುಲಿಯಮ್ಮನಿಗೂ ಮಗಳಿಗೂ ಚಾಪೆ ಹಾಕಿದ್ದರು. ತೀರ್ಪಿಗೆ ತೀರ್ಥಹಳ್ಳಿ ಕಡೆಯ ಧರ್ಮಪ್ಪ ಗೌಡರು, ಕೊರಳಲ್ಲಿ ಶಾಲೆಯ ಪೀಪಿ.

ಪೀಪಿ ಊದಿದರು. ಇಬ್ಬರೂ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಕೈ ಕೊಟ್ಟರು. ಜಟ್ಟಪ್ಪ ಹೇಳಿಕೊಟ್ಟ ಪ್ರಕಾರ ಮೊದಲು ಜೋರು ತೋರಿಸಬೇಕಲ್ಲ, ಶೇಷಪ್ಪ ಅವನ ಎದೆಗೆ ಕೈಯಿಟ್ಟು ನೂಕಿದ. ಹುಂಚದವರು ಹೋ ಎಂದರು. ಅಷ್ಟೇ ಸಾಕಾಯಿತು. ಜಟ್ಟಪ್ಪನ ಎರಡೂ ಕಾಲು ನೆಲಬಿಟ್ಟು, ಮೈ ಗಾಳಿಯಲ್ಲಿ ತಿರುಗಿ, ಬೆನ್ನು ಚೊಕ್ಕವಾಗಿ ಮಣ್ಣಿನ ಕಡೆಗೆ ಹೊರಟಿತು. ಸಿಂಗಾಪುರದಲ್ಲಿ ಹಾಗೆ ಬಿದ್ದಾಗ ಜನ ಎದ್ದು ಚಪ್ಪಾಳೆ ತಟ್ಟಿದ್ದರು.

ಶೇಷಪ್ಪ ಹಾರಿ ಹೋಗಿ ಗುರುಗಳ ಕೆಳಗೆ ತಾನೇ ಮಲಗಿದ. ಜಟ್ಟಪ್ಪ ಅವನ ಹೊಟ್ಟೆಯ ಮೇಲೆ ಬಿದ್ದ.

ಇಂಥ ಪಟ್ಟನ್ನು ಯಾರೂ ಕಂಡಿರಲಿಲ್ಲ. ಧರ್ಮಪ್ಪ ಗೌಡರು ಪೀಪಿ ಬಾಯಿಗಿಟ್ಟು, ಇಬ್ಬರೂ ಅಂಗಾತ ಬಿದ್ದದ್ದು ನೋಡಿ ಸೋತವರು ಯಾರೆಂದು ತಿಳಿಯದೆ ಹಾಗೇ ತೆಗೆದರು. "ಅದು ಜಪಾನಿನ ಪಟ್ಟು," ಎಂದು ಮಂಜಯ್ಯನವರು ಸುತ್ತಲಿನವರಿಗೆ ವಿವರಿಸಿದರು. "ಕಾಗದದಲ್ಲಿ ಬರೆದಿದ್ದ."

ಎದ್ದರು. ಮತ್ತೆ ಹಿಡಿದರು. ಮತ್ತೆ ಜನ ಕೂಗಿದರು, ಮತ್ತೆ ಜಟ್ಟಪ್ಪನ ಭುಜ ನೆಲ ಹುಡುಕಿತು, ಮತ್ತೆ ಶೇಷಪ್ಪ ಅವನಿಗಿಂತ ಮೊದಲು ನೆಲಕ್ಕೆ ಮುಟ್ಟಿದ. ಹೀಗೆ ಕಾಲು ಗಂಟೆ ಇಬ್ಬರು ಜಟ್ಟಿಗಳು ನಾ ಮುಂದು ತಾ ಮುಂದು ಎಂದು ಮಣ್ಣಿಗೆ ಓಡಿದರು. ಜಟ್ಟಪ್ಪನ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಕುತ್ತಿಗೆಯಲ್ಲಿ ಬೆಂಕಿ ಬಿದ್ದಂತಿತ್ತು. ಒಮ್ಮೆ ಹೆಂಗಸರ ಸಾಲಿನ ಕಡೆ ನೋಡಿದ. ಹುಲಿಯಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದಳು. ದೇವರೇ, ಇದೊಂದು ಸಲ ನನ್ನನ್ನು ನಿಲ್ಲಿಸು ಎಂದುಕೊಂಡ.

ಕೊನೆಗೆ ಶೇಷಪ್ಪನಿಗೆ ಪಾಠ ನೆನಪಾಯಿತು. ಜಟ್ಟಪ್ಪನನ್ನು ಸೊಂಟ ಹಿಡಿದು ಎದೆಯೆತ್ತರ ಎತ್ತಿದ. ಇನ್ನೇನು ಒಗೆದೇಬಿಟ್ಟ ಎಂದು ಇಡೀ ಬಯಲು ಎದ್ದು ನಿಂತಿತು. ಆ ಹೊತ್ತಿಗೆ ಸರಿಯಾಗಿ ಶೇಷಪ್ಪನ ಮಂಡಿ ಕುಸಿಯಿತು. ಒಂದು ಭುಜ ಕೊಟ್ಟ. ಇನ್ನೊಂದನ್ನು ಉಳಿಸಿಕೊಳ್ಳಲು ಒದ್ದಾಡಿದ. ಅಂಗೈಯಿಂದ ಮಣ್ಣು ಬಡಿದ ಸದ್ದು ಕಟ್ಟೆಯವರೆಗೂ ಕೇಳಿಸಿತು. ಹುಂಚದ ಮುದುಕರು ಅಳತೊಡಗಿದರು. ಆಮೇಲೆ ಅವನು ಆಕಾಶ ನೋಡಿದ.

ಮೇಲಿದ್ದ ಜಟ್ಟಪ್ಪನಿಗೆ ಅಷ್ಟು ಜನರ ಕೂಗು ಕೇಳಿ ಮೈ ತಾನಾಗಿ ಉರುಳಲು ಹೊರಟಿತು. ಕೆಳಗಿನಿಂದ ಶೇಷಪ್ಪ ಅವನ ಎರಡೂ ತೋಳುಗಳನ್ನು ಭದ್ರವಾಗಿ ಹಿಡಿದ.

"ಇಲ್ಲೇ ಇರಿ ಗುರುಗಳೆ," ಎಂದು ಪಿಸುಗುಟ್ಟಿದ. "ಇನ್ನೊಂದು ಗಳಿಗೆ. ಪೀಪಿ ಊದ್ತಾರೆ."

ಪೀಪಿ ಊದಿದರು. ಜಟ್ಟಪ್ಪ ಗೆದ್ದಿದ್ದ. ಸ್ವಂತ ಹೆಸರಿನಲ್ಲಿ, ಸ್ವಂತ ಊರಿನಲ್ಲಿ, ಹೆಂಡತಿ ಮಗಳ ಕಣ್ಣ ಮುಂದೆ ಗೆದ್ದಿದ್ದ. ಅವನಿಗೆ ಕಣ್ಣೀರು ತಡೆಯಲಾಗಲಿಲ್ಲ. ಮಣ್ಣಿನ ಮುಖದ ಮೇಲೆ ಅದು ಎರಡು ಗೆರೆ ಎಳೆಯಿತು.

ನಾಗರಾಜಪ್ಪನವರು ಬಂದು ಅವನ ತಲೆಗೆ ಜರಿಯ ಪೇಟ ಸುತ್ತಿದರು. ಸುತ್ತುತ್ತ, ಕಿವಿಯ ಹತ್ತಿರ ಬಾಗಿ, ಪಶ್ಚಾತ್ತಾಪದ ದನಿಯಲ್ಲಿ ಹೇಳಿದರು:

"ಜಟ್ಟಪ್ಪನೋರೆ, ನಮ್ಮದು ತಪ್ಪಾಯ್ತು. ನಿಮ್ಮ ಕೈ ಸೋತಿದೆ ಅಂತ ಆ ಕೆರಿಯಮ್ಮನ ಮಾತು ಕೇಳಿ ನಂಬಿಬಿಟ್ವಿ. ಪಾಪ ಇನ್ನು ಎಲ್ಲಿಗೆ ಹೋಗ್ತಾರೆ, ನಮ್ಮ ಹೈಸ್ಕೂಲಲ್ಲೇ ಡ್ರಿಲ್ ಮೇಷ್ಟ್ರಾಗಿ ಇಟ್ಕೊಳ್ಳಾನ ಅಂತ ನಾಲ್ಕೂ ಜನ ಮಾತಾಡ್ಕೊಂಡಿದ್ವಿ. ಆರ್ಡರೂ ಬರ್ಸಿ ಜೇಬಲ್ಲಿ ಇಟ್ಕೊಂಡ್ ಬಂದೆ. ಸೋತ ಕೂಡ್ಲೇ ಕೈಗೆ ಕೊಡೋಣ, ಮನಸ್ಸಿಗೆ ಸಮಾಧಾನ ಆಗ್ಲಿ ಅಂತ."

ಜಟ್ಟಪ್ಪ ಪೇಟ ಸುತ್ತುತ್ತಿದ್ದ ಆ ಕೈ ಹಿಡಿದ. "ಸಾವ್ಕಾರ್ರೆ," ಎಂದ.

"ಹೇಳ್ಬೇಡಿ. ನನಗೇ ನಾಚಿಕೆಯಾಗ್ತದೆ. ಸೋತಿದ್ರೆ ನೀವು ನಮ್ಮೂರಿಗೆ ಬೇಕಾದೋರು. ಗೆದ್ ಮೇಲೆ ನೀವು ಲೋಕಕ್ಕೆ ಬೇಕಾದೋರು. ಇಂಥೋರನ್ನ ಹುಡುಗ್ರಿಗೆ ಲೆಫ್ಟ್ ರೈಟ್ ಹೇಳ್ಸೋಕೆ ನಿಲ್ಸಿದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ."

"ಹಂಗಲ್ಲ ಸಾವ್ಕಾರ್ರೆ. ಆ ಹುಡುಗ ನನಗಿಂತ ಜೋರಿದಾನೆ. ಇನ್ನೊಂದು ಸಲ ಹಿಡಿದ್ರೆ ನಾನು ಖಂಡಿತ ಸೋಲ್ತೀನಿ. ಬೇಕಾದ್ರೆ ಈಗ್ಲೇ ಹಿಡೀತೀನಿ."

ನಾಗರಾಜಪ್ಪನವರು ಜನರ ಕಡೆ ತಿರುಗಿದರು. "ಕೇಳಿದ್ರೇನ್ರಪ್ಪಾ? ಬಿದ್ದ ಎದುರಾಳೀನೇ ದೊಡ್ಡೋನು ಅಂತಾರೆ ಇವರು. ಹಿರಿತನ ಅಂದ್ರೆ ಇದು." ಬಯಲೆಲ್ಲ ಚಪ್ಪಾಳೆ. ಸೋತವನನ್ನೂ ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಅಖಾಡದಲ್ಲಿಲ್ಲ. ಸಾಹುಕಾರರು ಜೇಬಿನಿಂದ ಆರ್ಡರು ತೆಗೆದು, ಪೆನ್ನಿನಿಂದ ಹೆಸರು ತಿದ್ದಿ, ಅದನ್ನು ಶೇಷಪ್ಪನ ಕೈಯಲ್ಲಿಟ್ಟರು.

ಶೇಷಪ್ಪ ಓದಿಕೊಂಡ. ಬೆಚ್ಚಿಬಿದ್ದ. "ಇದು ನಂದಲ್ಲ, ಗುರುಗಳದ್ದು," ಎಂದು ಕೈ ಚಾಚಿದ. ಅದಕ್ಕೂ ಚಪ್ಪಾಳೆ ಬಿತ್ತು. ಮೇಷ್ಟ್ರಾಗಲು ಇಂಥ ವಿನಯವೇ ಬೇಕಾದದ್ದು ಎಂದು ಧರ್ಮಪ್ಪ ಗೌಡರು ತಲೆದೂಗಿದರು. ಹುಂಚದವರು ಅಳುವುದು ನಿಲ್ಲಿಸಿ ಅವನನ್ನು ಹೆಗಲ ಮೇಲೆ ಹೊತ್ತು ಬಸ್ಸಿನ ಕಡೆಗೆ ಓಡಿದರು. ಅವನು ಹಿಂದೆ ತಿರುಗಿ ಏನೋ ಕೂಗುತ್ತಿದ್ದ. ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಜಟ್ಟಪ್ಪನವರು ಯಾವ ಹಡಗಿಗೆ ಹೋಗುವುದು ಎಂದು ಹೊಸನಗರದವರೊಬ್ಬರು ವಿಚಾರಿಸಿದರು. ಬೀಳ್ಕೊಡುಗೆಗೆ ನಾವೂ ಹಾರ ತರುತ್ತೇವೆ ಎಂದರು.

ಬಯಲು ಖಾಲಿಯಾದ ಮೇಲೆ ಮೂವರೂ ಮನೆಯ ದಾರಿ ಹಿಡಿದರು. ಮಗಳು ಮುಂದೆ ಓಡಿದ್ದಳು, ಗೆದ್ದ ಸುದ್ದಿ ಕೇರಿಗೆ ತಾನೇ ಮೊದಲು ಮುಟ್ಟಿಸಬೇಕೆಂದು. ಹುಲಿಯಮ್ಮ ಗಂಡನ ಪಕ್ಕದಲ್ಲಿ ಮಾತಿಲ್ಲದೆ ನಡೆಯುತ್ತಿದ್ದಳು. ಸಂತೋಷದಿಂದ ಬಾಯಿ ಕಟ್ಟಿದೆ ಎಂದು ಜಟ್ಟಪ್ಪ ತಿಳಿದ. ಇಷ್ಟಾದರೂ ದಕ್ಕಿತಲ್ಲ ಎಂದುಕೊಂಡ. ಚರಂಡಿಯ ಮೋರಿ ದಾಟುವಾಗ ಓರೆಗಣ್ಣಲ್ಲಿ ನೋಡಿದರೆ ಅವಳು ಅಳುತ್ತಿದ್ದಳು.

"ಎಂಥಕ್ಕೆ ಅಳ್ತಿ? ಗೆದ್ನಲ್ಲ."

"ವೇದಾವತಮ್ಮ ಕುಸ್ತಿಗೆ ಮೊದ್ಲೇ ಎಲ್ಲ ಹೇಳಿದ್ರು. ಆರ್ಡರು ಬರ್ಸಿದ್ದು, ಜೇಬಲ್ಲಿಟ್ಟಿದ್ದು, ಎಲ್ಲ. ಕುಸ್ತಿ ಮುಗಿಯೋವರೆಗೂ ಕೂತು ದೇವ್ರಿಗೆ ಕೈ ಮುಗೀತಿದ್ದೆ ನಾನು. ಇವರು ಬೀಳ್ಲಿ, ಇವರು ಬೀಳ್ಲಿ ಅಂತ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಜಟ್ಟಪ್ಪ ದಾರಿಯಲ್ಲೇ ನಿಂತುಬಿಟ್ಟ. ಅವಳು ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಿಂದಿರುಗಿ ನೋಡದೆ ಹೇಳಿದಳು.

"ಏಳು ದೇಶದಲ್ಲಿ ಒಂದೂ ಬಿಡ್ದೆ ಗೆದ್ರಿ. ನಾನು ಬೇಡ ಅಂದ್ನಾ? ನನಗೂ ಮಗೀಗೂ ಅಂತ ಒಂದೇ ಒಂದು ಸಲ ಸೋಲೋಕೆ ಆಗ್ಲಿಲ್ವಾ ನಿಮಗೆ?"